ಕೊನೆಯ ಪೆಟ್ಟಿಗೆಯ ಹಳದಿ

ಅವರಿಬ್ಬರ ಪರಿಚಯ ಶುರುವಾದದ್ದೇ ಜಗಳದಿಂದ. ಅದೂ ಕಲ್ಲು ಜೋಡಿಸುವ ವಿಷಯಕ್ಕೆ.

ಯಲ್ಲಾಪುರದಾಚೆಯ ಕಾಡಿನಲ್ಲಿ, ಎಂದೋ ಮುಚ್ಚಿದ ತಾಮ್ರದ ಗಣಿಯ ಪಕ್ಕ ಡ್ರಿಲ್ಲಿಂಗ್ ಯಂತ್ರ ಬಂದು ನಿಂತಿತ್ತು. ಗಣಿಯ ಕೆಳಗೆ ಇನ್ನೂ ತಾಮ್ರ ಉಳಿದಿದೆಯೇ ಎಂಬುದು ಕಂಪನಿಗೆ ತಿಳಿಯಬೇಕಿತ್ತು. ಯಂತ್ರ ಕೊರೆದಂತೆ ನೆಲದೊಳಗಿಂದ ಒನಕೆ ಗಾತ್ರದ ಕಲ್ಲಿನ ತುಂಡುಗಳು ಬರುತ್ತಿದ್ದವು. ಅವನ್ನು ಆಳದ ಕ್ರಮದಲ್ಲಿ ಉದ್ದನೆಯ ಪೆಟ್ಟಿಗೆಯಲ್ಲಿ ಸಾಲಾಗಿ ಇಡಬೇಕು. ಡ್ರಿಲ್ಲರ್ ನವೀನ ಮೊದಲ ಸಾಲನ್ನು ಎಡದಿಂದ ಬಲಕ್ಕೆ ಇಟ್ಟು, ಎರಡನೆಯದನ್ನು ಬಲದಿಂದ ಎಡಕ್ಕೆ ತಂದಿದ್ದ. ಭೂವಿಜ್ಞಾನಿ ಅಭಿಜ್ಞಾ ಅದನ್ನು ಪುಸ್ತಕದಂತೆ ಓದಿ, ಅರ್ಧ ದಿನದ ಕೆಲಸ ಹಾಳು ಮಾಡಿಕೊಂಡಿದ್ದಳು.

“ಹೀಗೆ ಯಾರು ಇಡ್ತಾರೆ?”

“ಹೂಡೋರು ಹಂಗೇ ಅಲ್ದಾ ಮೇಡಮ್ ತಿರುಗೋದು? ಗದ್ದೆಯ ತುದಿಗೆ ಹೋದ ಎತ್ತನ್ನ ಹೊತ್ತುಕೊಂಡು ಬಂದು ಮತ್ತೆ ಈಚೆಯಿಂದ ಹೂಡ್ತಾರಾ?”

ಅವಳಿಗೆ ನಗು ಬಂದಿತ್ತು. ನಗಲು ಮಾತ್ರ ತ್ರಾಣವಿರಲಿಲ್ಲ. ಮೂವತ್ತೇಳು ದಾಟಿದ ಅಭಿಜ್ಞಾ ಒಡಿಶಾ, ಝಾರ್ಖಂಡ್ ಎಂದು ಒಂದೊಂದು ಗಣಿಯ ಧೂಳು ಕುಡಿದು ಊರ ಕಡೆ ಬಂದವಳು. ಹುಟ್ಟಿದ್ದು ಸಿದ್ದಾಪುರದ ಹತ್ತಿರದ ತ್ಯಾಗಲಿಯಲ್ಲಿ. ಈಗ ಬದುಕೆಲ್ಲ ಒಂದು ಟ್ರಂಕು.

ಅವನೂ ಸಿದ್ದಾಪುರ ಕಡೆಯವನೇ, ಗದ್ದೆ ಮಾಡುವ ಮನೆಯವನು. ಶನಿವಾರ ಸಂಜೆ ಇಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದರು. ಶಿರಸಿ ದಾಟುವ ಹೊತ್ತಿಗೆ ಬಸ್ಸಿನಲ್ಲಿ ಅರ್ಧ ಜನ ತೂಕಡಿಸುತ್ತಿದ್ದರೂ ಅವಳು ಮಾತ್ರ ಕಣ್ಣು ಮುಚ್ಚುತ್ತಿರಲಿಲ್ಲ.

“ಒಂದು ಗಳಿಗೆ ಮಲಗಬಾರ್ದಾ?” ಎಂದು ಅವನು ಒಮ್ಮೆ ಹಿಂದಿನ ಸೀಟಿನಿಂದ ಕೇಳಿದ್ದ.

“ಹಿಂದೊಮ್ಮೆ ಮಲಗಿ ತಾಳಗುಪ್ಪಕ್ಕೆ ಹೋಗಿಬಿಟ್ಟಿದ್ದೆ. ಒಬ್ಬರೇ ಓಡಾಡೋರಿಗೆ ಬಸ್ಸಿನಲ್ಲಿ ನಿದ್ದೆ ಮಾಡೋ ಹಕ್ಕಿಲ್ಲ ನವೀನ್.”

ಮುಂದಿನ ಶನಿವಾರದಿಂದ ಅವನು ಅವಳ ಸಾಲಿನಲ್ಲೇ, ನಡುದಾರಿಯ ಆಚೆಯ ಸೀಟನ್ನು ಹಿಡಿಯತೊಡಗಿದ. ಅವಳು ಕಿಟಕಿ ಕಡೆ ನೋಡುತ್ತಿದ್ದಳು. ಕಿಟಕಿಯ ಗಾಜಿನಲ್ಲಿ ಅವನ ಮುಖ ಕಾಣುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ಪಾಪ.

ಗಣಿ ಅವರನ್ನು ಮಾತಿಗೆ ಎಳೆಯಿತು. ಹಳೆಯ ಸುರಂಗದ ಬಾಯಿಯಲ್ಲಿ ಬಂಡೆಗಳ ಮೇಲೆ ಹಸಿರು ಹಿಡಿದಿತ್ತು.

“ಇದು ಪಾಚಿ ಅಲ್ಲ, ಮ್ಯಾಲಕೈಟ್,” ಎಂದಳು ಅವಳು. “ಹುಣಸೆಹಣ್ಣು ಕಾಣದ ತಾಮ್ರದ ಹಂಡೆ ಹಸಿರಾಗ್ತದಲ್ಲ, ಅದೇ. ಮಳೆ, ಗಾಳಿ ತಾಗಿದ ತಾಮ್ರ ಮೇಲೆ ಹಸಿರು. ಆಳಕ್ಕೆ ಹೋದರೆ ಹಳದಿ.”

ಅವನು ಗಣಿಯ ಹೊಂಡದ ನೀರಿಗೆ ಸ್ಪ್ಯಾನರ್ ಬೀಳಿಸಿಕೊಂಡು, ಮರುದಿನ ಎತ್ತಿದಾಗ ಅದು ಕೆಂಪಗೆ ಹೊಳೆಯುತ್ತಿತ್ತು. ನೀರಿನಲ್ಲಿ ಕರಗಿದ್ದ ತಾಮ್ರ ಕಬ್ಬಿಣದ ಮೇಲೆ ಕೂತಿತ್ತು.

“ನೋಡ್ರಿ ಮೇಡಮ್, ನಮ್ಮ ಸ್ಪ್ಯಾನರ್ ಮದುಮಗ ಆಗಿದಾನೆ!”

“ಅವನಿಗಾದರೂ ಆಯ್ತಲ್ಲ,” ಎಂದು ಬಾಯಿ ತಪ್ಪಿ ಅಂದಳು. ಅವನು ಸ್ಪ್ಯಾನರನ್ನು ಒರೆಸುತ್ತಲೇ ಇದ್ದ, ಕಿವಿ ಮಾತ್ರ ಕೆಂಪಾಗಿತ್ತು.

ಅವನಿಗೆ ಸಿದ್ದಾಪುರದಲ್ಲಿ ಒಂದು ಬೋರ್‌ವೆಲ್ ಲಾರಿಯಲ್ಲಿ ಅರ್ಧ ಪಾಲಿತ್ತು. ನೀರು ಎಲ್ಲಿದೆ ಎಂದು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಒಬ್ಬರು ಹೇಳುತ್ತಾರೆ, ಅಲ್ಲಿ ಇವರು ಕೊರೆಯುತ್ತಾರೆ. ಅದನ್ನು ಕೇಳಿ ಅವಳು ಹಣೆ ಚಚ್ಚಿಕೊಂಡಿದ್ದಳು.

“ಕಾಯಿ ಎದ್ದು ನಿಂತರೆ ನೀರು ಬರ್ತದಾ?”

“ಬಂದರೆ ಕಾಯಿಯ ಪುಣ್ಯ. ಬರದಿದ್ದರೆ ಡ್ರಿಲ್ಲರ್ ಸರಿ ಇಲ್ಲ.”

ಹೀಗೆ ತಿಂಗಳುಗಳು ಕಳೆದವು. ಒಂದರ ಹಿಂದೆ ಒಂದು ತೂತು ಖಾಲಿ. ಫೆಬ್ರವರಿಗೆ ಕೊನೆಯದೊಂದು ಉಳಿಯಿತು. ಅದರಲ್ಲಿ ತಾಮ್ರ ಸಿಕ್ಕರೆ ಕ್ಯಾಂಪ್ ಇನ್ನೊಂದು ವರ್ಷ ಮುಂದುವರಿಯುತ್ತದೆ. ಸಿಗದಿದ್ದರೆ ಯಂತ್ರ ಲಾರಿಗೆ, ಅಭಿಜ್ಞಾ ರಾಜಸ್ಥಾನಕ್ಕೆ. ಆಫೀಸಿನಿಂದ ಫೋನೂ ಬಂದಾಗಿತ್ತು. ಜೀವಮಾನದಲ್ಲಿ ಮೊದಲ ಸಲ ಅವಳು ಕಲ್ಲಿನ ಮುಂದೆ ಕೂತು ದೇವರಿಗೆ ಕೈಮುಗಿದಳು. ತಾಮ್ರ ಕಂಪನಿಗೆ ಬೇಕಿತ್ತೋ ಬಿಡ್ತೋ, ಅವಳಿಗೆ ಬೇಕಿತ್ತು.

ಕೊನೆಯ ಪೆಟ್ಟಿಗೆಯಲ್ಲಿ ಬಿಳಿ ಕಲ್ಲಿನ ನಡುವೆ ಹಳದಿ ಕಾಳುಗಳು ಮಿನುಗಿದವು.

ಅದು ತಾಮ್ರದ ಅದಿರಾದರೆ ಚಾಕುವಿನಿಂದ ಗೀರಿದಾಗ ಗೆರೆ ಮೂಡಬೇಕು. ಬರೀ ಕಬ್ಬಿಣ-ಗಂಧಕದ ಪೈರೈಟ್ ಆದರೆ ಚಾಕು ಜಾರುತ್ತದೆ. ಕಾಲೇಜಿನ ಮೊದಲ ವರ್ಷದವರೂ ಮಾಡುವ ಪರೀಕ್ಷೆ. ಚಾಕು ಅವಳ ಜೇಬಿನಲ್ಲೇ ಇತ್ತು. ಅವಳು ತೆಗೆಯಲಿಲ್ಲ. ನಾಳೆ ಬೆಳಕಿನಲ್ಲಿ ನೋಡಿದರಾಯಿತು ಎಂದು ಗೋಣಿ ಮುಚ್ಚಿ ಎದ್ದಳು. ಆಗಿನ್ನೂ ಮಧ್ಯಾಹ್ನ ಮೂರು ಗಂಟೆ, ಬಿಸಿಲು ಢಾಳಾಗಿತ್ತು.

ಮರುದಿನ ಬಂದು ನೋಡಿದರೆ ಯಂತ್ರ ಇನ್ನೂ ಕೊರೆಯುತ್ತಲೇ ಇದೆ. ಹೇಳಿದ್ದ ಆಳ ನಿನ್ನೆಯೇ ಮುಗಿದಿತ್ತು. ಅಡುಗೆಯ ಸಾವಿತ್ರವ್ವ ಚಹಾದ ಲೋಟ ಕೈಗಿಟ್ಟಳು.

“ಬೆಳಗಿಂದ ಹಂಗೇ ಕೊರೀಲಿಕ್ಕತ್ತಾನ್ರಿ. ಒಂದು ತುತ್ತು ತಿಂದಿಲ್ಲ. ನೀವಾದ್ರೂ ಹೋಗಿ ಕೇಳ್ರಿ.”

ಅಭಿಜ್ಞಾ ಕೈ ಸನ್ನೆ ಮಾಡಿದಳು. ಯಂತ್ರ ನಿಂತಿತು. ಆ ಮೌನಕ್ಕೆ ಇಬ್ಬರ ಕಿವಿಯೂ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

“ನವೀನ್, ಕೊನೇ ಚಕ್ಕೆ ಎಲ್ಲಿ?”

ತೂತು ಮುಗಿದಾಗ ಡ್ರಿಲ್ಲರ್ ಮರದ ಚಕ್ಕೆಯೊಂದರ ಮೇಲೆ ಆಳ ಬರೆದು, ಕೆಳಗೆ ‘ಮುಗಿಯಿತು’ ಎಂದು ಬರೆದು ಕೊನೆಯ ಕಲ್ಲಿನ ಪಕ್ಕ ಇಡಬೇಕು. ಅದನ್ನು ಇಡುವವರೆಗೆ ತೂತು ಮುಗಿದಂತಲ್ಲ.

“ಇಟ್ಟಿಲ್ಲ.”

“ಎಂತಕ್ಕೆ?”

ಅವನು ಗ್ರೀಸ್ ಮೆತ್ತಿದ ಕೈಯನ್ನು ಒರೆಸಿದ್ದನ್ನೇ ಒರೆಸಿದ. “ಇಟ್ಟರೆ ನೀವು ಟ್ರಂಕ್ ಕಟ್ತೀರಿ.”

ಅವಳು ಕಲ್ಲಿನ ರಾಶಿಯ ಮೇಲೆ ಕೂತುಬಿಟ್ಟಳು.

“ನಾನೂ ನಿನ್ನೆ ಗೀರಲಿಲ್ಲ.”

“ನೋಡಿದೆ. ಗೋಣಿ ಹೊದೆಸಿ ಹೋದ್ರಿ.” ಅವನು ಎದುರು ಕುಕ್ಕರಗಾಲಿನಲ್ಲಿ ಕೂತ. ಎಷ್ಟು ದಣಿದಿದ್ದಾನೆ ಇವನು, ಕಣ್ಣ ಕೆಳಗೆ ಕಲ್ಲಿನ ಹಿಟ್ಟು, ಗಡ್ಡದಲ್ಲಿ ಅಲ್ಲಲ್ಲಿ ಬಿಳಿ. ಬಸ್ಸಿನ ಗಾಜಿನಲ್ಲಿ ಇದೆಲ್ಲ ಕಂಡಿರಲಿಲ್ಲ. “ತಾಮ್ರ ಅಂತ ಬರೆದುಬಿಡಿ ಮೇಡಮ್. ಯಾರಿಗೆ ಗೊತ್ತಾಗ್ತದೆ?”

“ಲ್ಯಾಬಿಗೆ ಗೊತ್ತಾಗ್ತದೆ.”

“ಲ್ಯಾಬಿನವರು ಹದಿನೈದು ದಿನ ತಗೋತಾರಲ್ಲ. ಹದಿನೈದು ದಿನ ಸಿಕ್ತು.”

ಇಬ್ಬರೂ ನಕ್ಕರು. ನಗುತ್ತಲೇ ಅವಳ ಕಣ್ಣು ತುಂಬಿತು. ಅವಳು ಜೇಬಿನಿಂದ ಚಾಕು ತೆಗೆದಳು. ಅವನು ಪೆಟ್ಟಿಗೆಯಿಂದ ಕಲ್ಲು ಎತ್ತಿ, ಎರಡೂ ಕೈಯಲ್ಲಿ ಅಲುಗದಂತೆ ಹಿಡಿದ.

ಚಾಕು ಜಾರಿತು. ಇನ್ನೊಮ್ಮೆ ಒತ್ತಿದಳು, ಮತ್ತೆ ಜಾರಿತು. ಹಳದಿ ಹಾಗೇ ಹೊಳೆಯುತ್ತಿತ್ತು, ಒಂದು ಗೆರೆಯೂ ಇಲ್ಲದೆ.

“ಇಲ್ವಾ?”

“ಇಲ್ಲ.”

ಅವನು ಕಲ್ಲನ್ನು ಅದರ ಜಾಗದಲ್ಲಿ ಮೆಲ್ಲಗೆ ಇಟ್ಟ, ಈಗ ಅವಳು ಓದುವಂತೆ, ಪುಸ್ತಕದ ಸಾಲಿನ ಕ್ರಮದಲ್ಲೇ. ಅಭಿಜ್ಞಾ ಒಂದು ಚಕ್ಕೆ ಎತ್ತಿಕೊಂಡು, ಮಾರ್ಕರಿನಲ್ಲಿ ಆಳ ಬರೆದು, ಕೆಳಗೆ ‘ಮುಗಿಯಿತು’ ಎಂದು ತಾನೇ ಬರೆದಳು. ಪೆಟ್ಟಿಗೆಯ ತುದಿಗೆ ಇಟ್ಟಾಗ ಅವನು ಮುಖ ತಿರುಗಿಸಿ ಎದ್ದು ಹೊರಟ.

“ಎಲ್ಲಿಗೆ ಹೊರಟ್ರಿ? ಮುಗಿದಿದ್ದು ತೂತು ಅಷ್ಟೇ.” ಎಂದಳು ಅವಳು. ಆಮೇಲೆ ತ್ಯಾಗಲಿಯ ಮನೆಯೊಳಗೆ ಮಾತ್ರ ಆಡುತ್ತಿದ್ದ ಮಾತು, ಯಾವ ಕ್ಯಾಂಪಿನಲ್ಲೂ ಯಾರಿಗೂ ಆಡದ ಮಾತು, ತಾನಾಗಿ ಬಂತು. “ಆನು ರಾಜಸ್ಥಾನಕ್ಕೆ ಹೋಗ್ತ್ನಿಲ್ಲೆ. ಸಾಕಾತು ನಂಗೆ. ತಾಮ್ರ ಸಿಕ್ಕಿದ್ರೆ ಮಾತ್ರ ಇಲ್ಲಿರವು ಹೇಳಿ ಎಂತಕ್ಕೆ ಅಂದ್ಕಂಡಿದ್ನೋ.”

ಅವನು ನಿಂತ. ತಿರುಗಿ ಅವಳ ಎದುರಿಗೆ ಬಂದ.

“ನಿಮ್ಮ ಮನೇಲಿ ಒಪ್ಪೋದಿಲ್ಲ ಮೇಡಮ್. ನಾವು ಗದ್ದೆಯೋರು, ಜಾತಿ ಬೇರೆ.”

“ಒಪ್ಪಿಸುವ ಕೆಲಸ ನಂದು. ನಿಮಗೆ ಒಪ್ಪಿಗೆಯಾ, ಅದು ಹೇಳಿ.”

ಅವನು ನೆಲ ನೋಡಿದ, ಮರ ನೋಡಿದ, ಕೊನೆಗೆ ಅವಳನ್ನು ನೋಡಿದ. “ನಮ್ಮ ಲಾರಿಗೆ ಜಾಗ ತೋರಿಸೋರು ಬೇಕಿತ್ತು. ತೆಂಗಿನಕಾಯಿ ಹಿಡಿಯೋ ಅಜ್ಜನಿಗೆ ಕೈ ನಡುಗ್ತದೆ.”

“ನಾನು ಕಾಯಿ ಹಿಡಿಯೋದಿಲ್ಲ.”

“ಕಾಯಿ ಬ್ಯಾಡ,” ಎಂದ ನವೀನ. “ನನ್ನ ಕೈ ಹಿಡೀರಿ, ಸಾಕು.”

ಅಂದವನಿಗೇ ನಾಚಿಕೆಯಾಗಿ, ಗ್ರೀಸಿನ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಅವಳು ಎದ್ದು ಹೋಗಿ ಅದನ್ನು ಹಾಗೆಯೇ ಹಿಡಿದುಕೊಂಡಳು. ದೂರದಲ್ಲಿ ಸಾವಿತ್ರವ್ವ ಪಾತ್ರೆಯನ್ನು ಜೋರಾಗಿ ಕುಕ್ಕಿ, ಉಪ್ಪಿಟ್ಟು ಆರುತ್ತಿದೆ ಎಂದು ಕೂಗಿದಳು.

ಆ ಶನಿವಾರದ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ರಿಪೋರ್ಟ್ ಬರೆಯಬೇಕು, ಮನೆಯಲ್ಲಿ ಹೇಳಬೇಕು, ಅಳು, ಸಿಟ್ಟು, ಮೌನ ಎಲ್ಲ ಆಗಬೇಕು. ಅದೆಲ್ಲ ಸಿದ್ದಾಪುರದಲ್ಲಿ ಇಳಿದ ಮೇಲಿನ ಮಾತು. ಶಿರಸಿ ದಾಟಿತು. ಅಭಿಜ್ಞಾ ಕಿಟಕಿಯ ಗಾಜು ನೋಡಲಿಲ್ಲ.

“ಊರು ಬಂದಾಗ ಎಬ್ಬಿಸ್ತೀರಲ್ಲ?” ಎಂದು ಕೇಳಿದಳು.

“ಎಬ್ಬಿಸ್ತೆ. ಮಲಗಿ.”

ಅವಳು ಅವನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು.