ಹದಿನೇಳನೇ ನಂಬರಿನ ಬೇರು

2004ರ ಜೂನ್ 14, ಸೋಮವಾರ. ಬೆಳಿಗ್ಗೆ 9.40ಕ್ಕೆ ಚೆನ್ನೈನ ಅಂಬತ್ತೂರು ಠಾಣೆಗೆ ಬಂದ ದೂರನ್ನು ಓದಿ ಇನ್ಸ್‌ಪೆಕ್ಟರ್ ಮಧ್ವರಾಜ ತಲೆಯೆತ್ತಿದರು.

"ಬೀಟ್‌ರೂಟ್ ಬೇರು ಕಳವಾ? ಕೋಯಂಬೇಡು ಮಾರ್ಕೆಟ್ಟಲ್ಲಿ ಲಾರಿಗಟ್ಟಲೆ ಸಿಗತ್ತಲ್ಲ ಸಾರ್."

"ಇದು ಮಣ್ಣು ಕಂಡಿದ್ದಲ್ಲ," ಎಂದರು ಆಹಾರದ ಬಣ್ಣ ತಯಾರಿಸುವ ಕಂಪನಿಯ ಮ್ಯಾನೇಜರ್ ಅಜಿತ್. "ಫ್ಲಾಸ್ಕ್‌ನಲ್ಲಿ, ಸಕ್ಕರೆ ನೀರಲ್ಲಿ ಬೆಳೆಸಿದ್ದು. ಹದಿನೇಳನೇ ನಂಬರಿನ ತಳಿ. ಇದ್ದಿದ್ದೇ ಮೂರು ಫ್ಲಾಸ್ಕ್. ಶುಕ್ರವಾರ ರಾತ್ರಿ ಇತ್ತು, ಇವತ್ತು ಇಲ್ಲ."

ನೌಕರರೇ ಮಾಡಿದ ಕಳವೆಂದು ಐಪಿಸಿ 381ರಡಿ ಎಫ್‌ಐಆರ್ ದಾಖಲಾಯಿತು. 11.15ಕ್ಕೆ ಪಂಚನಾಮೆ. ಬೀಗ ಒಡೆದಿರಲಿಲ್ಲ. ಕತ್ತಲ ಕೋಣೆಯಲ್ಲಿ ಯಂತ್ರವೊಂದು ಸಾಲು ಫ್ಲಾಸ್ಕ್‌ಗಳನ್ನು ತೊಟ್ಟಿಲಿನಂತೆ ತೂಗುತ್ತಿತ್ತು. ಒಳಗೆ ಕೂದಲೆಳೆಯಂಥ ಕೆಂಪು ಬೇರುಗಳು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಮಧ್ವರಾಜ ಇಂಥ ಮಾಲು ನೋಡಿರಲಿಲ್ಲ. ಬಗ್ಗಿ ನೋಡಿದರು, ಮತ್ತೆ ನೋಡಿದರು.

"ಯಾಕೆ ಆಡಿಸ್ತೀರಿ?"

"ನಿಂತರೆ ಉಸಿರು ಕಟ್ಟತ್ತೆ," ಎಂದರು ಅಜಿತ್. " ಎರಡು ದಿನದಲ್ಲಿ ಸಾಯತ್ತೆ."

ಕೋಣೆಯ ಕೀಲಿ ನಾಲ್ವರ ಬಳಿಯಿತ್ತು. ಒಬ್ಬೊಬ್ಬರನ್ನೇ ಕರೆದು ಕೇಳಿದರು: "ಆ ಬೇರು ಈಗ ಏನಾಗಿರತ್ತೆ?" ಮೂವರು, ಸತ್ತಿರತ್ತೆ ಎಂದರು. ಲ್ಯಾಬ್ ಸಹಾಯಕಿ ಉಷಾ ಮಾತ್ರ ತಟ್ಟನೆ, "ಚೆನ್ನಾಗಿದೆ ಸಾರ್," ಎಂದಳು. ಆಮೇಲೆ ತುಟಿ ಕಚ್ಚಿಕೊಂಡಳು.

ಮಧ್ಯಾಹ್ನ 3.20ಕ್ಕೆ ವಿಲ್ಲಿವಾಕ್ಕಂನ ಅವಳ ಮನೆಯ ಶೋಧ. ಅಡುಗೆಮನೆಯ ಮೂಲೆಯಲ್ಲಿ ಹೊದಿಸಿದ್ದ ಕಪ್ಪು ಸೀರೆಯನ್ನು ಕಾನ್‌ಸ್ಟೆಬಲ್ ಜಯಲಕ್ಷ್ಮೀ ಸರಿಸಿದರು. ಹೊಲಿಗೆ ಯಂತ್ರದ ಮೋಟಾರಿಗೆ ಕಟ್ಟಿದ ಹಲಗೆ ಅತ್ತಿತ್ತ ಓಲಾಡುತ್ತಿತ್ತು. ಮೇಲೆ ಮೂರು ಫ್ಲಾಸ್ಕ್.

"ಯಾರಿಗೆ ಮಾರೋಕಮ್ಮ?" ಮಧ್ವರಾಜ ಉಷಾಳನ್ನು ಕೇಳಿದರು.

"ಮಾರೋಕಲ್ಲ ಸಾರ್. ಏಪ್ರಿಲಲ್ಲಿ ಕರೆಂಟ್ ಹೋಗಿ ಮೆಷಿನ್ ನಿಂತಿತ್ತು. ಬಂದು ನೋಡಿದ್ರೆ ಬೇರುಗಳೆಲ್ಲ ಬಣ್ಣ ಬಿಟ್ಟು ನೀರು ಕೆಂಪು. ಪೋಚ್ಚು, ಹೋಯ್ತು ಅಷ್ಟೇ ಅಂದ್ಕೊಂಡೆ. ಆದ್ರೂ ಹೊಸ ನೀರು ಹಾಕಿ ಆಡಿಸಿದೆ. ಬೇರೆ ತಳಿ ಸತ್ತೋದ್ವು, ಹದಿನೇಳು ಮತ್ತೆ ಚಿಗುರಿತು!"

"ಅಂದ್ರೆ?"

"ಬಣ್ಣಕ್ಕೆ ಬೇರನ್ನ ಅರೆದು ಸಾಯಿಸಬೇಕಿಲ್ಲ. ಹಸು ಹಾಲು ಕರೆದ ಹಾಗೆ ಬಣ್ಣ ಕರೀಬಹುದು. ಮೂರು ಸಲ ಕರೆದಿದೀನಿ."

"ಅಜಿತ್‌ಗೆ ಹೇಳಲಿಲ್ವಾ?"

"ಹೇಳಿದೆ. ಅದೆಲ್ಲ ಬೇಡ, ಸೋಮವಾರ ಅಷ್ಟನ್ನೂ ಅರೆದು ಸ್ಯಾಂಪಲ್ ಕಳಿಸು ಅಂದ್ರು. ಇನ್ನಷ್ಟು ಬೆಳೆಸೋಕೆ ಎರಡೇ ವಾರ ಕೇಳ್ದೆ. ಕೊಡಲಿಲ್ಲ."

ಕದ್ದದ್ದು ಕದ್ದದ್ದೇ. 4.30ಕ್ಕೆ ಉಷಾಳ ಬಂಧನವಾಯಿತು. ಮಧ್ವರಾಜ ಅಜಿತ್‌ರನ್ನು ಠಾಣೆಗೆ ಕರೆಸಿ ಒಂದು ಮುಚ್ಚಳಿಕೆ ಮುಂದಿಟ್ಟರು. ಫ್ಲಾಸ್ಕ್‌ಗಳು ಕೇಸಿನ ಮಾಲು. ಕೋರ್ಟ್ ಹೇಳುವವರೆಗೆ ಕಂಪನಿಯ ಯಂತ್ರದಲ್ಲೇ ಜೀವಂತ ಇಡಬೇಕು, ಅರೆಯುವಂತಿಲ್ಲ.

"ಎಷ್ಟು ದಿನ?"

"ಕೇಸ್ ಮುಗಿಯೋ ತನಕ. ವರ್ಷವೂ ಆಗಬಹುದು."

ಎರಡೇ ವಾರ ಕೇಳಿದ್ದ ಉಷಾ ಬೆಂಚಿನ ಮೇಲೆ ಕುಳಿತಲ್ಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಂದಿನ ಕೇಸ್ ಡೈರಿಯಲ್ಲಿ ಮಧ್ವರಾಜ ಬರೆದರು: ಮಾರಾಟದ ಉದ್ದೇಶ ಕಂಡುಬಂದಿಲ್ಲ. ಆರೋಪಿಯು ಸದರಿ ಬೇರುಗಳನ್ನು ಬದುಕಿಸಿಕೊಳ್ಳಲು ಕದ್ದಿರುತ್ತಾಳೆ.