ಸೋಫಾದ ಮೇಲಿಟ್ಟ ಮೈಕ್

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ನಮ್ಮ ಹಾಲ್ ಚಿಕ್ಕದೆಂದು ಒಂದು ಪುಟ್ಟ ಹೋಮ್ ಥಿಯೇಟರ್ ತಂದೆ. ಹಾಡುಹಗಲಲ್ಲೇ ನಾನೂ ಭಾವಮೈದನೂ ಸೇರಿ ಸ್ಪೀಕರ್‌ಗಳನ್ನು ಗೋಡೆಗೆ ಬಿಗಿದೆವು. ಉಳಿದದ್ದು ಪರೀಕ್ಷೆಯೊಂದೇ. ಸೋಫಾದ ಮೇಲೆ ಮೈಕ್ ಇಟ್ಟು ಎಲ್ಲರೂ ಹೊರಗಿರಬೇಕು. ಸ್ಪೀಕರ್‌ಗಳು ಒಂದೊಂದಾಗಿ ಸದ್ದು ಮಾಡುತ್ತವೆ. ಮೈಕ್ ಅದನ್ನು ಕೇಳಿಸಿಕೊಂಡು ಕೋಣೆಗೆ ತಕ್ಕಂತೆ ಹೊಂದಿಸುತ್ತದೆ.

ನಾನು, ಹೆಂಡತಿ, ಭಾವಮೈದ ಮೂವರೂ ಬಾಗಿಲು ಮುಚ್ಚಿ ಹೊರಗೆ ನಿಂತೆವು. ಒಳಗೆ ಬಂದು ನೋಡಿದರೆ ಟೀವಿಯಲ್ಲಿ ಒಂದು ಸಾಲು: ‘ಕೋಣೆಯಲ್ಲಿ ಸದ್ದಿದೆ. ದಯವಿಟ್ಟು ಮೌನವಾಗಿರಿ.’

ಫ್ಯಾನ್ ಆರಿಸಿದೆ, ಗಡಿಯಾರದ ಸೆಲ್ ಕಿತ್ತೆ. ಮತ್ತೆ ಅದೇ ಸಾಲು.

ನನಗೆ ಭಾವಮೈದನ ಮೇಲೇ ಗುಮಾನಿ. ಕೀಟಲೆಯಲ್ಲಿ ಪಳಗಿದ ಆಸಾಮಿ.

“ಮೊಬೈಲ್ ಒಳಗೇ ಬಿಟ್ಟು ಬಂದಿದೀಯೇನೋ?”

“ನಿಮ್ಮಾಣೆ ಭಾವ, ಜೇಬಲ್ಲೇ ಇದೆ ನೋಡಿ.”

“ಈ ಥಿಯೇಟರ್ ಪೆಟ್ಟಿಗೆನೇ ಸರಿಯಿಲ್ಲ, ವಾಪಸ್ ಕೊಡಿ,” ಎಂದಳು ಹೆಂಡತಿ.

ಮೈಕ್ ಎತ್ತಿಕೊಳ್ಳಲು ಹೋದಾಗ ಪಕ್ಕದ ದಿಂಬಿಗೆ ಕೈ ತಾಗಿತು. ಬೆಚ್ಚಗಿತ್ತು. ಆ ಮೂಲೆಗೆ ಬಿಸಿಲು ಬೀಳುವುದೇ ಇಲ್ಲ.

“ನೀವಿಬ್ರೂ ಹೊರಗಿರಿ, ನಾನೇ ಒಳಗಿರ್ತೀನಿ,” ಎಂದು ಮೈಕಿನ ಪಕ್ಕ ಉಸಿರು ಬಿಗಿಹಿಡಿದು ಕೂತೆ. ಪರೀಕ್ಷೆ ಸಲೀಸಾಗಿ ಮುಗಿಯಿತು. ಖಾತ್ರಿಗೆಂದು ನಾನೂ ಹೊರಗೆ ನಿಂತು ಮತ್ತೊಮ್ಮೆ ಮಾಡಿದರೆ ಮತ್ತದೇ ಸಾಲು.

ಅಂಗಡಿಯವನು ಬಂದು ಮೈಕ್ ಬದಲಿಸಿದ, ಆಮೇಲೆ ಪೆಟ್ಟಿಗೆಯನ್ನೇ ಬದಲಿಸಿದ. ತಾನೂ ನಮ್ಮ ಜೊತೆ ಬಾಗಿಲಾಚೆ ನಿಂತು, ಒಳಗೆ ಬಂದು ಟೀವಿ ನೋಡಿದವನು ಕೊಟ್ಟ ನೀರನ್ನೂ ಮುಟ್ಟದೆ ಹೊರಟ.

ಹೆಂಡತಿ ಕೂತು ನೋಡಿದಳು, ಭಾವಮೈದ ಕೂತು ನೋಡಿದ. ನಮ್ಮಲ್ಲಿ ಯಾರಾದರೊಬ್ಬರು ಒಳಗಿದ್ದರೆ ಆ ಕೋಣೆ ನಿಶ್ಶಬ್ದ. ಎಲ್ಲರೂ ಹೊರಗೆ ಬಂದಾಗ ಮಾತ್ರ ಅಲ್ಲಿ ಸದ್ದಿರುತ್ತದೆ.