ಇಪ್ಪತ್ತನಾಲ್ಕು ಗೂಟಗಳ ಮಣ್ಣು

"ಮೊದಲ ಎತ್ತರ, ಆಮ್ಯಾಲೆ ಮಣ್ಣು," ಎಂದಳು ಮಣ್ಣು ಪರೀಕ್ಷೆಗೆ ಬಂದ ರಾಜಮತಿ. ಅದು ೧೯೯೨ರ ಜೂನ್. ಅಥಣಿ ಸೀಮೆಯ ಗುಡ್ಡದ ಇಳಿಜಾರಿನಲ್ಲಿದ್ದ ಧರಣೇಂದ್ರನ ದ್ರಾಕ್ಷಿತೋಟದಲ್ಲಿ ಮೇಲಿನ ಸಾಲುಗಳು ಹಳದಿಗಟ್ಟಿದ್ದವು. ಕೀಳಬೇಕೋ, ಉಳಿಸಬೇಕೋ? ಯಾವ ಎತ್ತರದಲ್ಲಿ ಮಣ್ಣಿನ ಯಾವ ಸತ್ವ ಕಮ್ಮಿಯೆಂದು ತೋರಿಸುವ ನಕ್ಷೆಯೇ ಅದನ್ನು ಹೇಳಬೇಕಿತ್ತು.

ಗುಡ್ಡದ ನೆತ್ತಿಯ ಸರ್ವೆಕಲ್ಲಿನಿಂದ ಇಳಿಯತೊಡಗಿದರು. ಕುರಿ ಕಾಯುವ ಮಾಳಸಿದ್ದ ಅಳತೆಗೋಲು ಹೊತ್ತಿದ್ದ, ಧರಣೇಂದ್ರ ಲೆವೆಲ್ ಯಂತ್ರ. ಜಾಲಿಮುಳ್ಳು ಅಂಗಿ ಹರಿಯಿತು, ಗರಸುಕಲ್ಲು ಕಾಲಡಿ ಜಾರಿತು. ಕೆಳಗೆ ಒಣಹಳ್ಳ ಬಿಳಿ ಮರಳಿನ ಗೆರೆಯಾಗಿ ಬಳುಕಿತ್ತು. ಅದರಾಚೆ ಕಬ್ಬಿನ ಹಸಿರು ಕೃಷ್ಣೆಯವರೆಗೂ ಹಾಸಿತ್ತು. ಹೆಜ್ಜೆಹೆಜ್ಜೆಗೆ ಎತ್ತರ ಬರೆದುಕೊಂಡು, ತೋಟದಲ್ಲಿ ಇಪ್ಪತ್ತನಾಲ್ಕು ಗೂಟ ನೆಟ್ಟರು.

"ನಾಳಿ ಈ ಗೂಟದ ಬುಡದ ಮಣ್ಣು ತಗಿಯೋದ್ರಿ," ಎಂದಳು ರಾಜಮತಿ.

ಪರೀಕ್ಷೆಗೆ ನಿಂತ ಹೊಲ ಹಸಿದು ನಿಲ್ಲಬಾರದೆನ್ನಿಸಿತು ಧರಣೇಂದ್ರನಿಗೆ. ಆ ಸಂಜೆ ಒಬ್ಬನೇ ಹೋಗಿ, ಪ್ರತಿ ಗೂಟದ ಬುಡಕ್ಕೂ ಒಂದು ಮುಷ್ಟಿ ಸರಕಾರಿ ಗೊಬ್ಬರ, ಅಂದರೆ ಅಂಗಡಿಯ ರಾಸಾಯನಿಕ ಗೊಬ್ಬರ ಹಾಕಿ, ಒಂದು ತಂಬಿಗೆ ನೀರೆರೆದ.

ಮರುದಿನ ಚೀಲ ಕಟ್ಟುತ್ತ ರಾಜಮತಿ ಕೇಳಿದಳು: "ಇಲ್ಲಿ ಈಗೀಗ ಗೊಬ್ಬರ ಹಾಕಿಲ್ಲಲ್ರಿ? ಹಾಕಿದ್ರ ನಕ್ಷಿ ಸುಳ್ಳಾಗತೈತಿ."

"ಇಲ್ಲರಿ." ಮುಂಜಾನೆ ದೇವರಿಗೆ ಕೈಮುಗಿದು ಸ್ತುತಿ ಹೇಳಿದ ಧರಣೇಂದ್ರನ ಬಾಯಿಂದಲೇ ಬಂತು ಆ ಮಾತು.

ಅಷ್ಟರಲ್ಲಿ ಗುಡ್ಡದ ಹಿಂದೆ ಗುಡುಗಿತು. ಜೀಪು ಹಳ್ಳದಾಚೆ ನಿಂತಿತ್ತು. ಅವರು ಓಡಿ ಬರುವಷ್ಟರಲ್ಲಿ ಕೆಂಪು ನೀರು ಮೊಣಕಾಲಿಗೆ ಬಂದಿತ್ತು.

ರಾಜಮತಿ, ಧರಣೇಂದ್ರ ಹೇಗೋ ದಾಟಿದರು. ಮಣ್ಣಿನ ಮೂಟೆ ತಲೆಗಿಟ್ಟು ಮಾಳಸಿದ್ದ ಕೊನೆಗೆ ಇಳಿದ.

ನೀರು ಸೊಂಟಕ್ಕೇರಿತು. ಬೇರುಸಹಿತ ಬಂದ ಬೊಡ್ಡೆಯೊಂದು ಅವನ ಮೊಣಕಾಲಿಗೆ ಬಡಿಯಿತು.

"ಒಗೀಲೇ ಅದನ್ನ, ಮಾಳ್ಯಾ!" ದಡದಿಂದ ಕೂಗಿದ ಧರಣೇಂದ್ರ.

"ಹೆಂಗ ಒಗೀಲಿ? ನಿನ್ನ ಹೊಲಾನ ತಲಿ ಮ್ಯಾಲೆ ಐತಿ."

ಮುಳುಗಿದ, ಎದ್ದ. ಮೂಟೆ ಬಿಡಲಿಲ್ಲ. ಧರಣೇಂದ್ರ ಜೀಪಿನಲ್ಲಿದ್ದ ಹಗ್ಗ ಎಸೆದು ಎಳೆದುಕೊಂಡ. ದಡದ ಮೇಲೆ ಮಾಳಸಿದ್ದನ ಕಾಲು ಹಿಂದುಮುಂದಾಗಿ ಬಿದ್ದದ್ದು ಕಂಡಾಗ, ತಾನು ಮಾಡಿದ್ದನ್ನೆಲ್ಲ ಹೇಳಿಬಿಟ್ಟ.

"ಹಂಗಾರ ನಾ ಹೊತ್ತದ್ದು ನಿನ್ನ ಗೊಬ್ಬರ ಅನ್ನು," ಎಂದು ಹಲ್ಲು ಕಚ್ಚಿಕೊಂಡೇ ನಕ್ಕ ಮಾಳಸಿದ್ದ.

ರಾಜಮತಿ ಮೂಟೆ ಬಿಚ್ಚಿ ಮಣ್ಣೆಲ್ಲ ಸುರಿದಳು. "ಎತ್ತರ ಖರೇ ಅದಾವು. ಅದೇ ಎತ್ತರದಾಗ ಹತ್ತು ಹೆಜ್ಜಿ ಬಾಜೂಕ ಸರದು ಮತ್ತ ತಗಿಯೋಣು. ಮೊದಲ ಮಾಳಸಿದ್ದನ್ನ ದವಾಖಾನಿಗೆ ಒಯ್ಯೋಣು."

ಹಳ್ಳದ ನೀರು ಇಳಿದ ಮೇಲೆ ಹೊಸ ಮಣ್ಣನ್ನು ಧರಣೇಂದ್ರನೇ ಹೊತ್ತು ತಂದ. ನಕ್ಷೆ ಬಂತು: ಮೇಲಿನ ಸತ್ವವೆಲ್ಲ ತಗ್ಗಿಗೆ ತೊಳೆದುಹೋಗಿತ್ತು, ಬಳ್ಳಿ ಕೀಳುವುದು ಬೇಡ, ಕೊರತೆ ತುಂಬಿದರೆ ಸಾಕು.

ಫೆಬ್ರುವರಿಯಲ್ಲಿ ಮೇಲಿನ ಸಾಲುಗಳು ಗೊಂಚಲು ತುಂಬಿ ತೂಗಿದವು. ಮಡಚದ ಕಾಲನ್ನು ಮುಂದೆ ಚಾಚಿ, ಬಳ್ಳಿಯ ನೆರಳಲ್ಲಿ ಕೂತ ಮಾಳಸಿದ್ದ ಒಂದು ಹಣ್ಣು ಬಾಯಿಗಿಟ್ಟುಕೊಂಡ.

"ಸಿಹಿ ಅದಾವೋ ಧರಣ್ಯಾ."

ಗೊಬ್ಬರದ ಮಣ್ಣು ಹೊತ್ತು ಮುರಿದ ಆ ಕಾಲಿನಡಿ ಧರಣೇಂದ್ರ ಗೋಣಿಚೀಲವೊಂದನ್ನು ಮಡಚಿ ಇಟ್ಟ.